ಫಿರಂಗಿ ಹಾರಿಸಿದರೆ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳ ಮೇಲೆ ದಾಳಿ ಮಾಡಲು ವಿಮಾನಗಳಿಗೆ ದೊಡ್ಡ ಫಿರಂಗಿಗಳನ್ನು ಜೋಡಿಸಿದ್ದರೆಂದು ಓದಿದ್ದೇನೆ. ಅವನ್ನು ಹಾರಿಸಿದ ಕ್ಷಣ ವಿಮಾನ ಗಾಳಿಯಲ್ಲೇ ನಿಂತಂತಾಗುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಆ ಫಿರಂಗಿಗಳು ನಿಜವಾಗಿಯೂ ಟ್ಯಾಂಕುಗಳನ್ನು ನಾಶಮಾಡಿದವೇ? ಹೌದಾದರೆ ಇಂದಿನ ಯುದ್ಧವಿಮಾನಗಳಲ್ಲಿ ಅಷ್ಟು ದೊಡ್ಡ ಫಿರಂಗಿಗಳು ಏಕೆ ಕಾಣುವುದಿಲ್ಲ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿ ಸಿಗುತ್ತದೆ. ಪಿಯುಸಿಯ ಭೌತಶಾಸ್ತ್ರ ಓದಿದವರು ಯಾರೇ ಆದರೂ ಅದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಬ್ರಿಟಿಷರ ಹರಿಕೇನ್ ವಿಮಾನದ 'ಟು-ಡಿ' ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎರಡೂ ರೆಕ್ಕೆಗಳ ಕೆಳಗೆ ಒಂದೊಂದು 40 ಮಿ.ಮೀ. ವಿಕರ್ಸ್ 'ಎಸ್' ಫಿರಂಗಿ ಇರುತ್ತಿತ್ತು. ಒಂದೊಂದು ಗುಂಡಿನ ತೂಕ ಒಂದು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು, ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಗುಂಡಿನ ಜೊತೆಗೆ ಹೊರನುಗ್ಗುವ ಸಿಡಿಮದ್ದಿನ ಅನಿಲದ ಪಾಲನ್ನೂ ಸೇರಿಸಿದರೆ, ಎರಡೂ ಫಿರಂಗಿಗಳು ಒಮ್ಮೆ ಸಿಡಿದಾಗ ವಿಮಾನದ ಮೇಲೆ ಹಿಮ್ಮುಖವಾಗಿ ಬೀಳುವ ಸಂವೇಗ ಸರಿಸುಮಾರು 1900 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್ ಆಗುತ್ತದೆ. ವಿಮಾನದ ದ್ರವ್ಯರಾಶಿ ಸುಮಾರು 3600 ಕಿಲೋಗ್ರಾಂ. ಭಾಗಿಸಿದರೆ ವೇಗದಲ್ಲಿ ಆಗುವ ಇಳಿಕೆ ಸೆಕೆಂಡಿಗೆ ಅರ್ಧ ಮೀಟರ್, ಅಂದರೆ ಗಂಟೆಗೆ ಎರಡು ಕಿಲೋಮೀಟರಿನಷ್ಟು. ಗಂಟೆಗೆ 380 ಕಿಲೋಮೀಟರ್ ವೇಗದಲ್ಲಿ ಸಾಗುವ ವಿಮಾನಕ್ಕೆ ಇದು ಲೆಕ್ಕಕ್ಕೇ ಬಾರದಷ್ಟು ಅಲ್ಪ. ತುಂಬಿಸಿಕೊಂಡು ಬಂದ ಹದಿನೈದು ಜೊತೆ ಗುಂಡುಗಳನ್ನು ಒಂದೇ ಸಮನೆ ಹಾರಿಸಿದರೂ ಒಟ್ಟು ಇಳಿಕೆ ಗಂಟೆಗೆ 30 ಕಿಲೋಮೀಟರ್ ದಾಟುವುದು ಕಷ್ಟ, ಆ ಹೊತ್ತಿಗೆ ಎಂಜಿನ್ ಅದರಲ್ಲಿ ಒಂದಿಷ್ಟನ್ನು ತುಂಬಿಕೊಟ್ಟಿರುತ್ತದೆ.

ಇನ್ನೂ ದೊಡ್ಡ ಫಿರಂಗಿಯಾದರೆ ಪರಿಣಾಮವೂ ದೊಡ್ಡದಿರಬೇಕಲ್ಲವೇ ಎಂಬ ಸಂದೇಹ ಸಹಜ. ಅಮೆರಿಕದ ಬಿ-25 ಮಿಚೆಲ್ ಬಾಂಬರ್ ವಿಮಾನದ 'ಜಿ' ಮತ್ತು 'ಎಚ್' ಮಾದರಿಗಳ ಮೂತಿಯಲ್ಲಿ 75 ಮಿ.ಮೀ. ಫಿರಂಗಿಯಿತ್ತು. ಅದು ಆ ಕಾಲದ ಷರ್ಮನ್ ಟ್ಯಾಂಕಿನಲ್ಲಿದ್ದ ಫಿರಂಗಿಯ ಅಳತೆಯದೇ. ಗುಂಡಿನ ತೂಕ ಸುಮಾರು 6.8 ಕಿಲೋಗ್ರಾಂ. ಆದರೆ ಅದನ್ನು ಹೊತ್ತ ವಿಮಾನವೂ 14 ಟನ್ ತೂಗುತ್ತಿದ್ದುದರಿಂದ, ಒಂದು ಗುಂಡು ಹಾರಿದಾಗ ವೇಗ ಇಳಿಯುತ್ತಿದ್ದುದು ಗಂಟೆಗೆ ಒಂದೂಕಾಲು ಕಿಲೋಮೀಟರಿನಷ್ಟು ಮಾತ್ರ, ಅಂದರೆ ಹರಿಕೇನ್‌ಗಿಂತಲೂ ಕಡಿಮೆ.

ಹಾಗಾದರೆ ವಿಮಾನ ನಿಂತಂತಾಯಿತು ಎಂದ ಪೈಲಟ್‌ಗಳು ಉತ್ಪ್ರೇಕ್ಷೆ ಮಾಡಿದರೇ? ನನಗೆ ಹಾಗೆ ಅನಿಸುವುದಿಲ್ಲ. ವೇಗ ಎಷ್ಟು ಇಳಿಯಿತು ಎಂಬುದು ಒಂದು ವಿಷಯ, ಆ ಇಳಿಕೆ ಎಷ್ಟು ಕಡಿಮೆ ಅವಧಿಯಲ್ಲಿ ಆಯಿತು ಎಂಬುದು ಇನ್ನೊಂದು. ಬಸ್ಸು ನಿಧಾನವಾಗಿ ಚಲಿಸುತ್ತಿದ್ದರೂ ಚಾಲಕ ತಟ್ಟನೆ ಬ್ರೇಕ್ ಒತ್ತಿದರೆ ನಿಂತಿರುವ ಪ್ರಯಾಣಿಕರು ಮುಂದಕ್ಕೆ ಬೀಳುತ್ತಾರೆ. ಸೆಕೆಂಡಿನ ಒಂದು ಸಣ್ಣ ಅಂಶದಲ್ಲಿ ಬೀಳುವ ಆ ಹೊಡೆತವನ್ನು ದೇಹ ಬಹಳ ದೊಡ್ಡದೆಂದು ಗ್ರಹಿಸುತ್ತದೆ, ಅದರೊಂದಿಗೆ ಶಬ್ದ, ಹೊಗೆ, ಸಿಡಿಮದ್ದಿನ ವಾಸನೆ ಎಲ್ಲವೂ ಸೇರಿರುತ್ತವೆ. ಈ ಹೊಡೆತ ವಿಮಾನದ ಚೌಕಟ್ಟನ್ನು ಮುರಿಯದಿರಲೆಂದೇ ಫಿರಂಗಿಯ ನಳಿಗೆಯನ್ನು ಗಟ್ಟಿಯಾಗಿ ಬಿಗಿಯದೆ, ಸ್ಪ್ರಿಂಗ್ ಮತ್ತು ಎಣ್ಣೆ ತುಂಬಿದ ಕೊಳವೆಗಳ ಆಧಾರದಲ್ಲಿ ಅದು ಹಿಂದಕ್ಕೆ ಜಾರಿ ಮತ್ತೆ ಮುಂದೆ ಬರುವಂತೆ ಕೂರಿಸಲಾಗುತ್ತಿತ್ತು. ಜಾರುವ ದೂರ ಹೆಚ್ಚಿದಷ್ಟೂ ಅದೇ ಸಂವೇಗ ಹೆಚ್ಚು ಕಾಲಕ್ಕೆ ಹಂಚಿಹೋಗಿ ಚೌಕಟ್ಟಿನ ಮೇಲಿನ ಬಲ ಕಡಿಮೆಯಾಗುತ್ತದೆ.

ನಿಜವಾದ ತೊಡಕು ಇದ್ದುದು ಬೇರೆ ಕಡೆ, ನಿಮ್ಮ ಉಳಿದೆರಡು ಪ್ರಶ್ನೆಗಳ ಉತ್ತರವೂ ಅಲ್ಲಿಯೇ ಇದೆ. ಗುಂಡು ಮುಂದಕ್ಕೆ ಹಾರುವಾಗ ಫಿರಂಗಿ ಹಿಂದಕ್ಕೆ ಒದೆಯುತ್ತದೆ. ಈ ಹಿಂದೊದೆತ ವಿಮಾನದ ಗುರುತ್ವ ಕೇಂದ್ರದ ನೇರಕ್ಕೆ ಬಿದ್ದರೆ ವೇಗ ತುಸು ಕುಗ್ಗುತ್ತದೆ, ಅಷ್ಟೇ. ಆ ನೇರ ತಪ್ಪಿ ಕೆಳಗೋ ಪಕ್ಕಕ್ಕೋ ಬಿದ್ದರೆ ವಿಮಾನ ತಿರುಗುತ್ತದೆ. ಹರಿಕೇನ್‌ನ ಫಿರಂಗಿಗಳು ರೆಕ್ಕೆಯ ಕೆಳಗೆ ತೂಗುತ್ತಿದ್ದುದರಿಂದ ಪ್ರತಿ ಸಿಡಿತಕ್ಕೂ ವಿಮಾನದ ಮೂತಿ ಕೆಳಕ್ಕೆ ಬಾಗುತ್ತಿತ್ತು, ಪೈಲಟ್ ಅದನ್ನು ಮತ್ತೆ ಎತ್ತಿ ಗುರಿಯ ಮೇಲೆ ತಂದು ನಿಲ್ಲಿಸಿದ ಮೇಲಷ್ಟೇ ಮುಂದಿನ ಹೊಡೆತ ಸಾರ್ಥಕವಾಗುತ್ತಿತ್ತು. ಮೂತಿ ಒಂದೇ ಒಂದು ಡಿಗ್ರಿ ಬಾಗಿದರೂ 500 ಮೀಟರ್ ದೂರದಲ್ಲಿ ಗುಂಡು ಸುಮಾರು ಒಂಬತ್ತು ಮೀಟರಿನಷ್ಟು ಗುರಿ ತಪ್ಪುತ್ತದೆ. ಟ್ಯಾಂಕಿನ ಎತ್ತರವಾದರೋ ಎರಡೂವರೆ ಮೀಟರ್.

ಇದಕ್ಕೆ ದಾಳಿಯ ಅವಧಿಯನ್ನೂ ಜೋಡಿಸಿ ನೋಡಿ. ಸೆಕೆಂಡಿಗೆ 105 ಮೀಟರ್ ಸಾಗುವ ವಿಮಾನ 900 ಮೀಟರ್ ದೂರದಲ್ಲಿ ಗುರಿಯತ್ತ ನೇರವಾಗಿ ತಿರುಗಿ, 200 ಮೀಟರ್ ಸಮೀಪಕ್ಕೆ ಬಂದಾಗ ಮೇಲೇಳಲೇಬೇಕಾದರೆ, ಪೈಲಟ್‌ಗೆ ಸಿಗುವುದು ಆರೇಳು ಸೆಕೆಂಡು. 'ಎಸ್' ಫಿರಂಗಿ ನಿಮಿಷಕ್ಕೆ ಸುಮಾರು ನೂರು ಗುಂಡು ಹಾರಿಸಬಲ್ಲದಾಗಿತ್ತು. ನಡುವೆ ಗುರಿಯನ್ನು ಸರಿಪಡಿಸಿಕೊಳ್ಳುವ ಸಮಯವನ್ನು ಕಳೆದರೆ ಒಂದು ದಾಳಿಯಲ್ಲಿ ಲೆಕ್ಕಕ್ಕೆ ಸಿಗುತ್ತಿದ್ದುದು ನಾಲ್ಕೈದು ಜೊತೆ ಗುಂಡುಗಳು. ಗುಂಡು ಗುರುತ್ವದಿಂದ ಬಾಗಿ ಬೀಳುವುದನ್ನೂ ಮರೆಯುವಂತಿಲ್ಲ: 600 ಮೀಟರ್ ದೂರದಿಂದ ಹೊಡೆದರೆ ಅದು ದಾರಿಯಲ್ಲಿ ಸುಮಾರು ನಾಲ್ಕು ಮೀಟರ್ ಇಳಿಯುತ್ತದೆ, 400 ಮೀಟರಿನಿಂದ ಹೊಡೆದರೆ ಎರಡು ಮೀಟರಿನ ಒಳಗೆ. ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಿದ್ದ ಕಾಲದಲ್ಲಿ ಹತ್ತಿರ ಹೋಗಿ ಹೊಡೆಯುವುದೊಂದೇ ಉಪಾಯವಾಗಿತ್ತು, ಹತ್ತಿರ ಹೋದಷ್ಟೂ ನೆಲದ ಮೇಲಿನ ವಿಮಾನ ನಿರೋಧಕ ಫಿರಂಗಿಗಳಿಗೆ ವಿಮಾನ ಸುಲಭದ ತುತ್ತಾಗುತ್ತಿತ್ತು. ಹರಿಕೇನ್‌ನಲ್ಲಿ ಉಳಿಸಿಕೊಂಡಿದ್ದ ಎರಡು ಸಣ್ಣ ಮೆಷಿನ್‌ಗನ್‌ಗಳ ಮುಖ್ಯ ಕೆಲಸವೇ, ಹೊಳೆಯುವ ಗುಂಡುಗಳನ್ನು ಮೊದಲು ಹಾರಿಸಿ ಗುರಿ ಸರಿಯಾಗಿದೆಯೇ ಎಂದು ಪೈಲಟ್‌ಗೆ ತೋರಿಸಿಕೊಡುವುದಾಗಿತ್ತು.

ಒಂದು ಅನುಕೂಲವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ತರಗತಿಯಲ್ಲಿ ನಾನು ಇದನ್ನು ಕೇಳಿದಾಗಲೆಲ್ಲ ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ಮರೆತೇ ಉತ್ತರಿಸುತ್ತಿದ್ದರು. ವಿಮಾನದ ವೇಗ ಗುಂಡಿನ ವೇಗಕ್ಕೆ ಸೇರುತ್ತದೆ. 600ಕ್ಕೆ 105 ಸೇರಿದರೆ ಹೆಚ್ಚಳ ಆರನೇ ಒಂದು ಭಾಗದಂತೆ ಕಂಡರೂ, ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸುವುದರಿಂದ ಗುಂಡಿನ ಶಕ್ತಿ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ನೆಲದ ಮೇಲೆ ಸಾಧಾರಣವೆನಿಸುವ ಫಿರಂಗಿ ಆಕಾಶದಲ್ಲಿ ಗಂಭೀರ ಅಸ್ತ್ರವಾದದ್ದಕ್ಕೆ ಇದು ಒಂದು ಕಾರಣ.

ಟ್ಯಾಂಕಿನ ಮೇಲ್ಭಾಗದ ಕವಚ ತೆಳುವಾಗಿರುವುದರಿಂದ ವಿಮಾನಕ್ಕೆ ಕೆಲಸ ಸುಲಭ ಎಂಬ ಮಾತನ್ನೂ ನೀವು ಕೇಳಿರಬಹುದು. ಅದು ಅರ್ಧ ಮಾತ್ರ ಸರಿ. ಫಿರಂಗಿಯ ವಿಮಾನಗಳು ಲಂಬವಾಗಿ ಎರಗುತ್ತಿರಲಿಲ್ಲ, ಹತ್ತು ಹದಿನೈದು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತಿದ್ದವು. ಹನ್ನೆರಡು ಡಿಗ್ರಿ ಓರೆಯಲ್ಲಿ ಬಂದ ಗುಂಡಿಗೆ 15 ಮಿ.ಮೀ. ದಪ್ಪದ ಮಟ್ಟಸವಾದ ಉಕ್ಕಿನ ಹಲಗೆ 70 ಮಿ.ಮೀ.ಗೂ ಹೆಚ್ಚು ದಪ್ಪವಾಗಿ ಎದುರಾಗುತ್ತದೆ, ಬಹಳಷ್ಟು ಸಲ ಗುಂಡು ಒಳಹೊಗದೆ ಕೆರೆಯ ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಹೋಗುತ್ತದೆ. ಹಾಗಾಗಿ ಅನುಭವಿ ಪೈಲಟ್‌ಗಳು ಪಕ್ಕದಿಂದಲೋ ಹಿಂದಿನಿಂದಲೋ ಬಂದು, ನೆಟ್ಟಗೆ ನಿಂತ ಕವಚವನ್ನೂ ಎಂಜಿನ್ ಇರುವ ಭಾಗವನ್ನೂ ಹುಡುಕಿ ಹೊಡೆಯುತ್ತಿದ್ದರು.

ಇನ್ನು ಈ ಫಿರಂಗಿಗಳು ಸಾಧಿಸಿದ್ದೇನು ಎಂಬುದಕ್ಕೆ ಬರೋಣ. 'ಎಸ್' ಫಿರಂಗಿ ಹುಟ್ಟಿದ್ದು ಟ್ಯಾಂಕಿಗಾಗಿ ಅಲ್ಲ. ಬಾಂಬರ್ ವಿಮಾನ ತನ್ನನ್ನು ಕಾಪಾಡಿಕೊಳ್ಳಲು ಶತ್ರುವಿಮಾನಗಳ ಮೇಲೆ ಹಾರಿಸಲೆಂದು 1930ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದ್ದರು. ಆ ಉದ್ದೇಶ ಕೈಗೂಡಲಿಲ್ಲ. ಮರುಭೂಮಿಯಲ್ಲಿ ಜರ್ಮನ್ ಟ್ಯಾಂಕುಗಳ ಕಾಟ ಹೆಚ್ಚಿದಾಗ ಅದನ್ನು ಹರಿಕೇನ್‌ಗೆ ಕಟ್ಟಿ, 1941ರ ಸೆಪ್ಟೆಂಬರ್‌ನಲ್ಲಿ ಮೊದಲ ವಿಮಾನವನ್ನು ಹಾರಿಸಿದರು. 1942ರ ಜೂನ್‌ನಲ್ಲಿ ಬ್ರಿಟಿಷ್ ವಾಯುಪಡೆಯ 6ನೇ ಸ್ಕ್ವಾಡ್ರನ್ ಉತ್ತರ ಆಫ್ರಿಕದಲ್ಲಿ ಅದನ್ನು ಯುದ್ಧಕ್ಕಿಳಿಸಿತು. ತಗಡಿನ ಡಬ್ಬಿ ಕೊರೆಯುವ ಸಾಧನದ ಹೆಸರೇ ಆ ಸ್ಕ್ವಾಡ್ರನ್ನಿಗೆ ಅಡ್ಡಹೆಸರಾಗಿ ಅಂಟಿತು. ಈ ಗುಂಡು ಸುಮಾರು 50 ಮಿ.ಮೀ. ಉಕ್ಕನ್ನು ತೂರಬಲ್ಲದಾಗಿತ್ತು, ಜರ್ಮನ್ ಪ್ಯಾಂಜರ್ ಮೂರು ಮತ್ತು ನಾಲ್ಕನೇ ಮಾದರಿಯ ಟ್ಯಾಂಕುಗಳ ಪಕ್ಕದ ಕವಚವಾದರೋ 30 ಮಿ.ಮೀ. ಆಸುಪಾಸಿನದು. ಆದ್ದರಿಂದ ಮರುಭೂಮಿಯ ಬಯಲಿನಲ್ಲಿ, ಮರೆ ಇಲ್ಲದ ಜಾಗದಲ್ಲಿ, ಅದು ಫಲ ಕೊಟ್ಟಿತು. 1943ರಲ್ಲಿ ಟ್ಯುನೀಶಿಯದಲ್ಲಿ 80 ಮಿ.ಮೀ. ಪಕ್ಕಗವಚದ ಟೈಗರ್ ಟ್ಯಾಂಕ್ ಎದುರಾದಾಗ ಇದೇ ಫಿರಂಗಿ ನಿಷ್ಪ್ರಯೋಜಕವಾಯಿತು. ನೆಲದ ಫಿರಂಗಿಗಳ ದಟ್ಟಣೆಯೂ ಹೆಚ್ಚಿದ್ದರಿಂದ ಗುರಿಯತ್ತ ನೇರವಾಗಿ ನಿಧಾನವಾಗಿ ಬರಬೇಕಿದ್ದ ಹರಿಕೇನ್‌ಗಳ ನಷ್ಟವೂ ಏರಿತು.

ಆದರೆ ಅದರ ಕತೆ ಅಲ್ಲಿಗೆ ಮುಗಿಯಲಿಲ್ಲ, ಮುಂದಿನ ಅಧ್ಯಾಯ ನಡೆದದ್ದು ನಮ್ಮ ನೆರೆಯಲ್ಲೇ. 1943ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ವಾಯುಪಡೆಯ 20ನೇ ಸ್ಕ್ವಾಡ್ರನ್ನಿಗೆ ಈ ವಿಮಾನಗಳು ಬಂದವು. ಬರ್ಮಾ ರಂಗದಲ್ಲಿ ಜಪಾನೀಯರ ಟ್ಯಾಂಕುಗಳು ವಿರಳ, ಆದರೆ ಅವರ ಸರಬರಾಜು ನಡೆಯುತ್ತಿದ್ದುದು ಬಹುಮಟ್ಟಿಗೆ ನದಿ ಮತ್ತು ಹಿನ್ನೀರುಗಳ ದೋಣಿಗಳಲ್ಲಿ. ಅರಾಕಾನ್ ತೀರದ ಕಾಲುವೆಗಳಲ್ಲಿ ಮರದ ರೆಂಬೆಗಳ ಕೆಳಗೆ ಅಡಗಿ ನಿಂತ ದೋಣಿಗಳು, ಮಣ್ಣು ಮತ್ತು ದಿಮ್ಮಿಗಳಿಂದ ಕಟ್ಟಿದ ಬಂಕರುಗಳು, ಸೇತುವೆಗಳು, ಇವೇ ಈ ಫಿರಂಗಿಯ ನಿತ್ಯದ ಗುರಿಗಳಾದವು. ದೋಣಿಗೆ ಬಾಂಬು ಹಾಕಿ ಹೊಡೆಯುವುದು ಕಷ್ಟ, ಮೆಷಿನ್‌ಗನ್ ಗುಂಡು ತೂತು ಮಾಡಿದರೆ ಅದನ್ನು ಮುಚ್ಚಿ ಮತ್ತೆ ಸಾಗಿಸಬಹುದು, 40 ಮಿ.ಮೀ. ಸಿಡಿಗುಂಡು ಬಿದ್ದರೆ ಮಾತ್ರ ಅದು ದುರಸ್ತಿಗೆ ನಿಲುಕುವುದಿಲ್ಲ.

1945ರ ಫೆಬ್ರವರಿಯಲ್ಲಿ 20ನೇ ಭಾರತೀಯ ಡಿವಿಷನ್ ಮ್ಯಿನ್ಮುವಿನ ಬಳಿ ಐರಾವತಿ ನದಿಯನ್ನು ದಾಟಿ ದಡದ ಮೇಲೆ ಕಾಲೂರುತ್ತಿದ್ದಾಗ ಅದನ್ನು ಹಿಂದಕ್ಕೆ ತಳ್ಳಲು ಜಪಾನೀಯರು ಟ್ಯಾಂಕುಗಳನ್ನು ತಂದು ಗಿಡಗಂಟಿಗಳ ಮರೆಯಲ್ಲಿ ಅಡಗಿಸಿದ್ದರು. ಫೆಬ್ರವರಿ 19ರಂದು 20ನೇ ಸ್ಕ್ವಾಡ್ರನ್ನಿನ ಪೈಲಟ್‌ಗಳು ಅವನ್ನು ಪತ್ತೆಹಚ್ಚಿ ಒಂದೇ ದಿನದಲ್ಲಿ ಹತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ನಾಶಮಾಡಿದರು. ಜಪಾನೀಯರ ಹಗುರ ಟ್ಯಾಂಕುಗಳ ಕವಚ ಹೆಚ್ಚೆಂದರೆ 12 ಮಿ.ಮೀ., ಮಧ್ಯಮ ಟ್ಯಾಂಕಿನದು 25 ಮಿ.ಮೀ. ಎಂಬುದನ್ನು ನೆನಪಿಟ್ಟುಕೊಂಡರೆ, ಟ್ಯುನೀಶಿಯದಲ್ಲಿ ಕಾಲ ಮುಗಿಯಿತೆಂದು ಬದಿಗಿಟ್ಟ ಅಸ್ತ್ರ ಎರಡು ವರ್ಷಗಳ ನಂತರ ಇಲ್ಲಿ ಹೇಗೆ ಗೆದ್ದಿತು ಎಂಬುದು ಅರ್ಥವಾಗುತ್ತದೆ. ಭಾರತೀಯ ಸೈನಿಕರ ಜೀವ ಉಳಿಸಿದ ಈ ಪ್ರಸಂಗ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲವೆಂಬ ಬೇಸರ ನನಗಿದೆ.

ಸೋವಿಯತ್ ಒಕ್ಕೂಟದ ಅನುಭವ ಇನ್ನಷ್ಟು ಬೋಧಪ್ರದ. ಅಲ್ಲಿನ ಇಲ್ಯುಷಿನ್ ಇಲ್-2 ವಿಮಾನ ಕವಚ ತೊಟ್ಟೇ ಹುಟ್ಟಿದ್ದು. ಎಂಜಿನ್ ಮತ್ತು ಪೈಲಟ್‌ನ ಸುತ್ತಲಿನ ಉಕ್ಕಿನ ಹೊದಿಕೆಯೇ ವಿಮಾನದ ಚೌಕಟ್ಟಿನ ಭಾಗವಾಗಿತ್ತು. ಅದರಲ್ಲಿ ಮೊದಲು 20 ಮಿ.ಮೀ., ಆಮೇಲೆ 23 ಮಿ.ಮೀ. ಫಿರಂಗಿಗಳಿದ್ದವು. 23 ಮಿ.ಮೀ.ನ ಗುಂಡು 400 ಮೀಟರ್ ದೂರದಲ್ಲಿ ತೂರುತ್ತಿದ್ದುದು ಸುಮಾರು 25 ಮಿ.ಮೀ. ಉಕ್ಕನ್ನು, ಹಾಗಾಗಿ ಜರ್ಮನ್ ಮಧ್ಯಮ ಟ್ಯಾಂಕುಗಳಿಗೆ ಅದು ಸಾಲುತ್ತಿರಲಿಲ್ಲ. ನುಡೆಲ್ಮನ್ ಮತ್ತು ಸುರಾನೊವ್ ಎಂಬ ವಿನ್ಯಾಸಕಾರರು ರೂಪಿಸಿದ 37 ಮಿ.ಮೀ. ಫಿರಂಗಿಯನ್ನು, ತಲಾ 50 ಗುಂಡುಗಳೊಂದಿಗೆ, ರೆಕ್ಕೆಗಳ ಕೆಳಗೆ ಅಳವಡಿಸಿ 1943ರಲ್ಲಿ ಕುರ್ಸ್ಕ್ ಯುದ್ಧದ ಹೊತ್ತಿಗೆ ರಣರಂಗದಲ್ಲೇ ಪರೀಕ್ಷಿಸಿದರು. ಮುಕ್ಕಾಲು ಕಿಲೋಗ್ರಾಂ ತೂಕದ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟು, ತಗಲಿದರೆ ಟ್ಯಾಂಕನ್ನು ಕೊಲ್ಲುತ್ತಿತ್ತು. ತಗಲುವುದೇ ಕಷ್ಟವಾಯಿತು. ಎರಡೂ ಫಿರಂಗಿಗಳು ಒಂದೇ ಕ್ಷಣದಲ್ಲಿ ಸಿಡಿಯುವಂತೆ ಹೊಂದಿಸಿರಲಿಲ್ಲ, ಎಡದ್ದು ಒಮ್ಮೆ ಬಲದ್ದು ಒಮ್ಮೆ ಒದ್ದಾಗ ವಿಮಾನದ ಮೂತಿ ಅತ್ತಿತ್ತ ಹೊರಳುತ್ತ, ಕಾಳು ಹೆಕ್ಕುವ ಕೋಳಿಯಂತೆ ಕೆಳಕ್ಕೂ ಕುಟುಕುತ್ತಿತ್ತು. ಒಂದು ಫಿರಂಗಿ ಸಿಕ್ಕಿಕೊಂಡು ನಿಂತರಂತೂ ಇನ್ನೊಂದನ್ನು ಹಾರಿಸುವುದೇ ವ್ಯರ್ಥ. ಮೊದಲ ಎರಡು ಮೂರು ಗುಂಡುಗಳಿಗೆ ಮಾತ್ರ ಗುರಿಯಿರುತ್ತಿತ್ತು, ಉಳಿದವು ಹೊಲದ ಪಾಲು. ಇದಕ್ಕಾಗಿ ವಿಮಾನ ಒಯ್ಯುವ ಬಾಂಬುಗಳ ತೂಕವನ್ನೂ ಕಡಿತಗೊಳಿಸಬೇಕಾಗಿತ್ತು. ಸಾವಿರಕ್ಕೆ ಸಮೀಪದಷ್ಟು ವಿಮಾನಗಳನ್ನು ತಯಾರಿಸಿದ ಮೇಲೆ 1944ರ ಆರಂಭದಲ್ಲಿ ಆ ಮಾದರಿಯನ್ನು ನಿಲ್ಲಿಸಿದರು.

ಅದರ ಸ್ಥಾನಕ್ಕೆ ಬಂದದ್ದು ಗಾತ್ರದಲ್ಲಿ ತೀರ ಸಣ್ಣದು. ಪಿಟಿಎಬಿ ಎಂಬ ಹೆಸರಿನ, ಒಂದೂವರೆ ಕಿಲೋಗ್ರಾಂ ತೂಕದ ಬಾಂಬು. ಅದರೊಳಗಿನ ಸ್ಫೋಟಕದ ಮುಂಭಾಗದಲ್ಲಿ ಆಲಿಕೆಯ ಆಕಾರದ ಟೊಳ್ಳು ಇರುತ್ತದೆ. ಸಿಡಿದಾಗ ಶಕ್ತಿಯೆಲ್ಲ ಒಂದೇ ಬಿಂದುವಿನತ್ತ ಕೂಡಿಕೊಂಡು ಸುಮಾರು 60 ಮಿ.ಮೀ. ಉಕ್ಕನ್ನು ಕೊರೆಯುತ್ತದೆ. ಈ ಕೊರೆತಕ್ಕೆ ಗುಂಡಿನ ವೇಗ ಬೇಕಿಲ್ಲ, ವೇಗ ಬೇಕಿಲ್ಲವಾದ್ದರಿಂದ ನಳಿಗೆ ಬೇಕಿಲ್ಲ, ನಳಿಗೆ ಇಲ್ಲದಿದ್ದರೆ ಹಿಂದೊದೆತವೂ ಇಲ್ಲ. ಇಲ್-2 ಇಂತಹ ಸುಮಾರು 200 ಬಾಂಬುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದು, ಬಿತ್ತನೆಯ ಕಾಳಿನಂತೆ ಸುಮಾರು 15 ಮೀಟರ್ ಅಗಲ 200 ಮೀಟರ್ ಉದ್ದದ ಪಟ್ಟಿಯ ಮೇಲೆ ಚೆಲ್ಲುತ್ತಿತ್ತು. ಮೇಲಿನಿಂದ ಬೀಳುವುದರಿಂದ ಅವು ಟ್ಯಾಂಕಿನ ತೆಳುವಾದ ಮೇಲ್ಕವಚವನ್ನೇ, ಅದೂ ಓರೆಯಿಲ್ಲದೆ, ಮುಟ್ಟುತ್ತಿದ್ದವು. 1943ರ ಜುಲೈ 5ರಂದು ಕುರ್ಸ್ಕ್‌ನಲ್ಲಿ ಇವನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಳಸಿದ ಮೇಲೆ ಜರ್ಮನ್ನರು ಟ್ಯಾಂಕುಗಳನ್ನು ಒತ್ತೊತ್ತಾಗಿ ಸಾಗಿಸುವುದನ್ನೇ ಬಿಡಬೇಕಾಯಿತು. ಫಿರಂಗಿ ಏಕೆ ಹಿಂದೆ ಸರಿಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಜರ್ಮನ್ನರು ಬೇರೆ ದಾರಿ ಹಿಡಿದರು. ಹಳೆಯದಾಗಿ ನಿಧಾನವಾಗಿದ್ದ ಜಂಕರ್ಸ್ 87 ಡೈವ್ ಬಾಂಬರ್‌ಗೆ, ನೆಲದ ವಿಮಾನ ನಿರೋಧಕ ಫಿರಂಗಿಯಿಂದ ರೂಪಾಂತರಿಸಿದ 37 ಮಿ.ಮೀ. ಫಿರಂಗಿಗಳೆರಡನ್ನು, ತಲಾ 12 ಗುಂಡುಗಳೊಂದಿಗೆ ಕಟ್ಟಿದರು. ಅದರ ವಿಶೇಷವೆಂದರೆ ಟಂಗ್‌ಸ್ಟನ್ ತಿರುಳಿನ ಗುಂಡು. ಹಗುರವಾದ ಹೊದಿಕೆಯೊಳಗೆ ಅತಿಗಡಸು, ಅತಿಭಾರದ ಸಣ್ಣ ತಿರುಳನ್ನಿಟ್ಟು ಸೆಕೆಂಡಿಗೆ 1100 ಮೀಟರಿಗೂ ಹೆಚ್ಚು ವೇಗದಲ್ಲಿ ಹಾರಿಸಿದರೆ ಅದು ಸೋವಿಯತ್ ಸೇನೆಯ ಟಿ-34 ಟ್ಯಾಂಕಿನ ಪಕ್ಕವನ್ನು ತೂರುತ್ತಿತ್ತು. ಆದರೆ ಟಂಗ್‌ಸ್ಟನ್ ಅದಿರು ಜರ್ಮನಿಯಲ್ಲಿ ಸಾಕಷ್ಟಿರಲಿಲ್ಲ, ಪೋರ್ಚುಗಲ್ ಮತ್ತು ಸ್ಪೇನ್‌ಗಳಿಂದ ತರಬೇಕಿತ್ತು, ಕಾರ್ಖಾನೆಗಳ ಕೊರೆಯುವ ಕತ್ತರಿಸುವ ಉಪಕರಣಗಳಿಗೂ ಅದೇ ಲೋಹ ಬೇಕಿತ್ತು. ಈ ವಿಮಾನದ ಹೆಸರಿನೊಂದಿಗೆ ಹಾನ್ಸ್ ಉಲ್ರಿಚ್ ರೂಡೆಲ್ ಎಂಬ ಪೈಲಟ್‌ನ ಹೆಸರು ಸದಾ ಬರುತ್ತದೆ. ಯುದ್ಧ ಮುಗಿದ ಮೇಲೂ ನಾಜಿ ಸಿದ್ಧಾಂತವನ್ನು ಬಿಡದ ಆತನ ಲೆಕ್ಕಕ್ಕೆ 519 ಟ್ಯಾಂಕುಗಳನ್ನು ಬರೆಯಲಾಗಿದೆ. ಆತ ಅಸಾಮಾನ್ಯ ಕೈಚಳಕದ ಪೈಲಟ್ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಆಕಾಶದಿಂದ ಎಣಿಸಿದ ಸಂಖ್ಯೆಗಳನ್ನು ನಾನು ಯಾವ ದೇಶದವರದಾದರೂ ಹಾಗೆಯೇ ಒಪ್ಪುವುದಿಲ್ಲ. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯ ಮೊರ್ತೇನ್ ಬಳಿ ನಡೆದ ಯುದ್ಧದಲ್ಲಿ ರಾಕೆಟ್ಟುಗಳನ್ನು ಹೊತ್ತ ಬ್ರಿಟಿಷ್ ಟೈಫೂನ್ ವಿಮಾನಗಳ ಪೈಲಟ್‌ಗಳು ಎಂಬತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ನಾಶಮಾಡಿದ್ದಾಗಿ ವರದಿ ಮಾಡಿದರು. ಬ್ರಿಟಿಷ್ ಸೇನೆಯದೇ ಸಂಶೋಧಕರು ನೆಲದ ಮೇಲೆ ಹೋಗಿ ಒಂದೊಂದೇ ಅವಶೇಷವನ್ನು ಪರೀಕ್ಷಿಸಿದಾಗ ರಾಕೆಟ್ಟಿನಿಂದ ನಾಶವಾದವು ಹತ್ತರ ಒಳಗೆ ಇದ್ದವು. ಧೂಳು, ಹೊಗೆ, ಒಂದೇ ಟ್ಯಾಂಕಿಗೆ ಇಬ್ಬರು ಹೊಡೆಯುವುದು, ಹಿಂದೆಯೇ ಕೆಟ್ಟು ನಿಂತಿದ್ದನ್ನು ಹೊಡೆಯುವುದು, ಇವೆಲ್ಲ ಎಣಿಕೆಯನ್ನು ಹಿಗ್ಗಿಸುತ್ತವೆ, ಇದರಲ್ಲಿ ಪೈಲಟ್‌ಗಳ ಅಪ್ರಾಮಾಣಿಕತೆಯೇನೂ ಇಲ್ಲ. ಯುದ್ಧದ ಕೊನೆಯಲ್ಲಿ ಹೆನ್ಷೆಲ್ 129 ವಿಮಾನಕ್ಕೆ 75 ಮಿ.ಮೀ. ಫಿರಂಗಿಯನ್ನೂ ಹೊರಿಸಿದರು, ಅಂಥವು ಇಪ್ಪತ್ತೈದರಷ್ಟು ತಯಾರಾಗಿ ಅಷ್ಟಕ್ಕೇ ನಿಂತವು.

ಗುರಿ ದೊಡ್ಡದಾಗಿದ್ದು ಎದುರೇಟು ಕಡಿಮೆಯಿದ್ದರೆ ಇದೇ ಫಿರಂಗಿ ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲದು ಎಂಬುದನ್ನು ಸಮುದ್ರ ತೋರಿಸಿತು. ಬ್ರಿಟಿಷರ ಮಾಸ್ಕಿಟೊ ವಿಮಾನದ ಹೊಟ್ಟೆಯಲ್ಲಿ 57 ಮಿ.ಮೀ. ಟ್ಯಾಂಕ್ ನಿರೋಧಕ ಫಿರಂಗಿಯನ್ನು ಕೂರಿಸಿದರು. ಅದಕ್ಕೆ ಗುಂಡುಗಳನ್ನು ತಾನಾಗಿಯೇ ತುಂಬುವ ಯಂತ್ರವನ್ನು ಮಾಡಿಕೊಟ್ಟ ಮೋಲಿನ್ಸ್ ಕಂಪನಿ ಸಿಗರೇಟು ತಯಾರಿಸುವ ಯಂತ್ರಗಳಿಗೆ ಹೆಸರಾಗಿತ್ತು; ಉದ್ದನೆಯ ವಸ್ತುಗಳನ್ನು ಒಂದರ ಹಿಂದೊಂದು ತಪ್ಪದೆ ಸಾಗಿಸುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ. ನಿಮಿಷಕ್ಕೆ 55ರಷ್ಟು ಗುಂಡು ಹಾರಿಸಬಲ್ಲ ಈ ಫಿರಂಗಿ ಗುರುತ್ವ ಕೇಂದ್ರಕ್ಕೆ ಹತ್ತಿರವಿದ್ದುದರಿಂದ ವಿಮಾನ ಹೆಚ್ಚು ಹೊರಳುತ್ತಿರಲಿಲ್ಲ. ನೀರಿನ ಮೇಲೆ ತೇಲುತ್ತಿರುವ ಜಲಾಂತರ್ಗಾಮಿಯ ಒಳಕವಚಕ್ಕೆ ಒಂದೇ ತೂತು ಬಿದ್ದರೂ ಅದು ಮುಳುಗಿ ತಪ್ಪಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. 1944ರ ಮಾರ್ಚ್ 25ರಂದು ಫ್ರಾನ್ಸಿನ ಕರಾವಳಿಯಲ್ಲಿ ಯು-976 ಎಂಬ ಜರ್ಮನ್ ಜಲಾಂತರ್ಗಾಮಿಯನ್ನು ಈ ವಿಮಾನಗಳು ಮುಳುಗಿಸಿದವು. ಹಾಗಿದ್ದೂ ಇಂತಹ ವಿಮಾನಗಳನ್ನು ಮಾಡಿದ್ದು ಇಪ್ಪತ್ತಕ್ಕೂ ಕಡಿಮೆ, ಏಕೆಂದರೆ ಆ ಹೊತ್ತಿಗೆ ಅದೇ ಕೆಲಸವನ್ನು ಮಾಡುವ ರಾಕೆಟ್ಟುಗಳು ಬಂದಿದ್ದವು. ರಾಕೆಟ್ಟು ತನ್ನ ವೇಗವನ್ನು ತಾನೇ ಗಳಿಸಿಕೊಳ್ಳುತ್ತದೆ, ವಿಮಾನವನ್ನು ಒದೆಯುವುದಿಲ್ಲ, ಅದರ ಹಳಿಗಳನ್ನು ಯಾವ ವಿಮಾನಕ್ಕಾದರೂ ಒಂದು ದಿನದಲ್ಲಿ ಕಟ್ಟಬಹುದು.

ಅಮೆರಿಕದ ಬಿ-25ರ ವಿಷಯವನ್ನು ಮೇಲೆಯೇ ಎತ್ತಿದ್ದೇನೆ. ಅದರ 75 ಮಿ.ಮೀ. ಫಿರಂಗಿಗೆ ಗುಂಡನ್ನು ಕೈಯಿಂದಲೇ ತುಂಬಬೇಕಿತ್ತು, ಒಟ್ಟು 21 ಗುಂಡುಗಳಿರುತ್ತಿದ್ದವು, ಒಂದು ದಾಳಿಯಲ್ಲಿ ನಾಲ್ಕು ಹಾರಿದರೆ ದೊಡ್ಡದು. ಜಪಾನಿನ ಸಣ್ಣ ಹಡಗುಗಳ ಮೇಲೆ ಅದು ಫಲಿಸಿತು, ಆದರೆ ನಾಲ್ಕು ಗುಂಡಿಗಾಗಿ ಅಷ್ಟು ಹೊತ್ತು ವಿಮಾನವನ್ನು ಅಲುಗದಂತೆ ಹಿಡಿಯುವುದು ಅಪಾಯಕರವೆಂದು ಕಂಡು ಹಲವು ಪಡೆಗಳು ಅದನ್ನು ಕಿತ್ತು ಮೂತಿಗೆ ಇನ್ನಷ್ಟು ಮೆಷಿನ್‌ಗನ್‌ಗಳನ್ನು ಜೋಡಿಸಿಕೊಂಡವು. 1944ರಲ್ಲಿ 'ಎಚ್' ಮಾದರಿಯ ಬಿ-25ಗಳು ಅಸ್ಸಾಮಿನ ಹೈಲಾಕಂದಿಯಿಂದ ಬರ್ಮಾದ ಮೇಲೂ ಹಾರಿವೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆ ವರ್ಷಗಳಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ, ಈ ರಂಗದ ಅಮೆರಿಕನ್ ವಿಮಾನಗಳನ್ನು ಬಿಚ್ಚಿ ಕಟ್ಟಿ ಕೊಡುತ್ತಿತ್ತು ಎಂಬುದು ಕನ್ನಡದ ಓದುಗರಿಗೆ ಆಸಕ್ತಿಯ ಸಂಗತಿಯಾಗಬಹುದು.

ಮಧ್ಯಮ ಗಾತ್ರದ ಫಿರಂಗಿಯ ಸಾಮರ್ಥ್ಯಕ್ಕೆ ನಮ್ಮದೇ ಉದಾಹರಣೆ ಲೋಂಗೇವಾಲಾ. 1971ರ ಡಿಸೆಂಬರ್ 5ರ ಬೆಳಿಗ್ಗೆ ಜೈಸಲ್ಮೇರಿನಿಂದ ಹಾರಿದ ಬೆರಳೆಣಿಕೆಯ ಹಂಟರ್ ವಿಮಾನಗಳು ರಾಜಸ್ಥಾನದ ಮರಳಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳ ದಂಡನ್ನು ಮುರಿದವು. ಅವುಗಳ ಬಳಿಯಿದ್ದುದು ರಾಕೆಟ್ಟುಗಳು ಮತ್ತು ಮೂತಿಯ ಕೆಳಗೆ ಒತ್ತಾಗಿ ಕೂರಿಸಿದ ನಾಲ್ಕು 30 ಮಿ.ಮೀ. ಏಡೆನ್ ಫಿರಂಗಿಗಳು. ಒಂದೊಂದೂ ನಿಮಿಷಕ್ಕೆ 1200 ಗುಂಡು ಹಾರಿಸಬಲ್ಲದಾದ್ದರಿಂದ, ನಾಲ್ಕೂ ಸೇರಿ ಒಂದು ಸೆಕೆಂಡಿನಲ್ಲಿ 80 ಗುಂಡುಗಳು ಗುರಿಯತ್ತ ಹೋಗುತ್ತಿದ್ದವು. ಹರಿಕೇನ್‌ನ ಪೈಲಟ್ ಒಂದು ಜೊತೆ ಗುಂಡಿನ ಮೇಲೆ ಇಡಬೇಕಿದ್ದ ಭರವಸೆಯನ್ನು ಇಲ್ಲಿ ಸಂಖ್ಯೆಯೇ ಹೊರುತ್ತದೆ. ಹಂಟರ್‌ನಲ್ಲೂ ಫಿರಂಗಿ ಹಾರಿಸಿದಾಗ ಮೂತಿ ಕೆಳಗೆ ಬಾಗುವ ತೊಂದರೆಯಿತ್ತು, ಅದನ್ನು ತಡೆಯಲು ನಳಿಗೆಯ ಬಾಯಿಗೆ ಅನಿಲವನ್ನು ಬೇರೆ ದಿಕ್ಕಿಗೆ ತಿರುಗಿಸುವ ಪಟ್ಟಿಗಳನ್ನು ಜೋಡಿಸಿದ್ದರು. ಲೋಂಗೇವಾಲಾದ ಗೆಲುವಿಗೆ ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು: ಆ ದಂಡಿನ ಮೇಲೆ ಪಾಕಿಸ್ತಾನದ ವಿಮಾನಗಳ ರಕ್ಷಣೆ ಇರಲಿಲ್ಲ, ಹಂಟರ್‌ಗಳು ಬೇಕಾದಷ್ಟು ಸಲ ಸುತ್ತಿ ಬಂದು ಹೊಡೆಯಲು ಸಾಧ್ಯವಾಯಿತು.

ಕೊನೆಯ ಪ್ರಶ್ನೆಯ ಉತ್ತರ ಇಷ್ಟರಲ್ಲಿ ಬಹುಮಟ್ಟಿಗೆ ಬಂದಿದೆ. ಅಮೆರಿಕದ ಎ-10 ವಿಮಾನವನ್ನು ಏಳು ನಳಿಗೆಗಳ 30 ಮಿ.ಮೀ. ಫಿರಂಗಿಯ ಸುತ್ತಲೇ ಕಟ್ಟಿದ್ದಾರೆ. ಸಿಡಿಯುವ ನಳಿಗೆ ಸರಿಯಾಗಿ ವಿಮಾನದ ನಡುಗೆರೆಯ ಮೇಲೆ ಬರಬೇಕೆಂದು ಮುಂದಿನ ಚಕ್ರವನ್ನೇ ಪಕ್ಕಕ್ಕೆ ಸರಿಸಿದ್ದಾರೆ ಎಂದರೆ, ಹರಿಕೇನ್ ಕಲಿಸಿದ ಪಾಠವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂಬುದು ತಿಳಿಯುತ್ತದೆ. ನೀವು ಕೇಳಿದ 'ವಿಮಾನ ನಿಲ್ಲುವ' ಮಾತು ಇತ್ತೀಚೆಗೆ ಹೆಚ್ಚಾಗಿ ಇದರ ಬಗ್ಗೆಯೇ ಹರಡಿದೆ. ಅದರ ಹಿಂದೊದೆತದ ಸರಾಸರಿ ಬಲ ಅದರ ಒಂದು ಎಂಜಿನ್ನಿನ ನೂಕುಬಲಕ್ಕೆ ಹತ್ತಿರ, ಆದರೆ ಎಂಜಿನ್ನುಗಳು ಎರಡಿವೆ, ಹಾರಿಸುವ ಅವಧಿ ಒಂದೆರಡು ಸೆಕೆಂಡು ಮಾತ್ರ. ಅಂಥ ಎ-10 ಕೂಡ 1991ರ ಕೊಲ್ಲಿ ಯುದ್ಧದಲ್ಲಿ ಟ್ಯಾಂಕುಗಳಿಗೆ ಹೆಚ್ಚಾಗಿ ಬಳಸಿದ್ದು ದೂರದಿಂದಲೇ ಗುರಿ ಹಿಡಿದು ಹೋಗುವ ಮಾವೆರಿಕ್ ಕ್ಷಿಪಣಿಯನ್ನು. ಗುರಿ ತಪ್ಪದ ಒಂದು ಕ್ಷಿಪಣಿ ಇರುವಾಗ, ನಾನೂರು ಮೀಟರ್ ಸಮೀಪಕ್ಕೆ ಹೋಗಿ ಎರಡು ಗುಂಡುಗಳಿಗಾಗಿ ಪ್ರಾಣವನ್ನು ಒಡ್ಡುವ ಅಗತ್ಯ ಉಳಿಯುವುದಿಲ್ಲ.

ದೊಡ್ಡ ಫಿರಂಗಿ ಆಕಾಶದಿಂದ ಪೂರ್ತಿ ಮರೆಯಾಗಿದೆ ಎಂದೂ ಹೇಳಲಾಗದು. ಅಮೆರಿಕದ ಎಸಿ-130 ವಿಮಾನ ವಿಯೆಟ್ನಾಂ ಯುದ್ಧದ ಕಾಲದಿಂದ 105 ಮಿ.ಮೀ. ಫಿರಂಗಿಯನ್ನು ಹೊತ್ತಿದೆ. ಅದು ಗುರಿಯತ್ತ ಎರಗುವುದಿಲ್ಲ, ಗುರಿಯ ಸುತ್ತ ಗಾಣದೆತ್ತಿನಂತೆ ಸುತ್ತುತ್ತ ಪಕ್ಕದಿಂದ ಗುಂಡು ಹಾರಿಸುತ್ತದೆ, ಆದ್ದರಿಂದ ಗುರಿ ಸದಾ ನಳಿಗೆಯ ನೇರಕ್ಕೇ ಇರುತ್ತದೆ, ಆರು ಸೆಕೆಂಡಿನ ಅವಸರವಿಲ್ಲ. ಆದರೆ ಹಾಗೆ ಸುತ್ತಲು ಕತ್ತಲೆಯ ಮರೆ ಬೇಕು, ಕೆಳಗಿನಿಂದ ಎದುರೇಟು ಇರಬಾರದು. 1991ರ ಜನವರಿ 31ರಂದು ಸೌದಿ ಅರೇಬಿಯದ ಖಾಫ್ಜಿ ಬಳಿ, ನೆಲದಲ್ಲಿದ್ದ ತಮ್ಮ ಸೈನಿಕರಿಗೆ ನೆರವಾಗಲು ಬೆಳಕು ಹರಿದ ಮೇಲೂ ಉಳಿದ ಒಂದು ಎಸಿ-130 ಕ್ಷಿಪಣಿಯೊಂದಕ್ಕೆ ತುತ್ತಾಗಿ, ಅದರಲ್ಲಿದ್ದ 14 ಮಂದಿಯೂ ಸತ್ತರು.